ಮೂರನೆಯ ನೆಲೆ

ಹೋದ ವರ್ಷದ ಏಪ್ರಿಲ್ ತಿಂಗಳನ್ನು ಅಮೆರಿಕೆಯ ಡೆಟ್ರಾಯಿಟ್ ನಗರದಲ್ಲಿ, ಮಗಳ ಮನೆಯಲ್ಲಿ ಕಳೆದೆವು. ಅಮರಕೋಶವನ್ನೂ ಶಬ್ದರೂಪಗಳನ್ನೂ ಬಾಯಿಪಾಠ ಮಾಡಿಸುತ್ತ ಆಯುಷ್ಯ ಸವೆಸಿದ ಉಪಾಧ್ಯಾಯನಿಗೆ ಚೆಂಡುದಾಂಡುಗಳ ವಿಚಾರ ತಿಳಿಯುವುದೆಂತು? ಆದರೆ ಎಂಟು ವರ್ಷದ ಮೊಮ್ಮಗನು ತಾನೇ ಗುರುವಾಗಿ, ಒಂದು ಸಂಜೆ ನಮ್ಮನ್ನು ಬೇಸ್‌ಬಾಲ್ ಪಂದ್ಯಕ್ಕೆ ಹೊರಡಿಸಿದನು.

ಆ ಆಟದಲ್ಲಿ ಚೌಕದ ನಾಲ್ಕು ಮೂಲೆಗಳಿಗೆ ನಾಲ್ಕು ನೆಲೆಗಳು. ಒಂದರಿಂದ ಮತ್ತೊಂದಕ್ಕೆ 90 ಅಡಿ. ಚೆಂಡನ್ನು ಬೇಲಿಯಾಚೆಗೆ ಹೊಡೆದರೆ ಅದು ಹೋಂ ರನ್. ಹೊಡೆದವನು ಮದುವಣಿಗನಂತೆ ಮೆಲ್ಲಗೆ ನೆಲೆಗಳನ್ನೆಲ್ಲ ಸುತ್ತಿಬರಬಹುದು. ಟ್ರಿಪಲ್ ಎಂಬುದು ಹಾಗಲ್ಲ. ಚೆಂಡು ಅಂಗಣದೊಳಗೇ ಇರುತ್ತದೆ. ಎದುರಾಳಿಗಳು ಅದನ್ನು ಹೆಕ್ಕಿ ಎಸೆಯುವಷ್ಟರಲ್ಲಿ 270 ಅಡಿ ಓಡಿ ಮೂರನೆಯ ನೆಲೆಯನ್ನು ಮುಟ್ಟಬೇಕು. ಸಂಸ್ಕೃತದ ಚಾಪಲ್ಯದಿಂದ ನಾವು ಇದಕ್ಕೆ ‘ತ್ರಿವಿಕ್ರಮ’ವೆಂದು ಹೆಸರಿಟ್ಟೆವು.

ಈ ತ್ರಿವಿಕ್ರಮರಲ್ಲಿ ಅಗ್ರಗಣ್ಯನು ಸ್ಯಾಮ್ ಕ್ರಾಫರ್ಡ್. ನೆಬ್ರಾಸ್ಕದ ವಾಹೂ ಎಂಬ ಊರಿನಲ್ಲಿ ಕ್ಷೌರದ ಕೆಲಸ ಕಲಿಯುತ್ತಿದ್ದ ಈತನು, 1899ರಿಂದ 1917ರವರೆಗೆ, ಬಹುಕಾಲ ಡೆಟ್ರಾಯಿಟ್ ತಂಡದಲ್ಲಿಯೇ ಆಡಿ 309 ಟ್ರಿಪಲ್‌ಗಳನ್ನು ಗಳಿಸಿದನು; ಆರು ವರ್ಷ ತನ್ನ ಲೀಗಿಗೆ ಮೊದಲಿಗನಾದನು. ಆತನ ಹೋಂ ರನ್‌ಗಳಾದರೋ 97 ಮಾತ್ರ. ಒಂದೇ ವರ್ಷದ ದಾಖಲೆಯು ಪಿಟ್ಸ್‌ಬರ್ಗ್ ತಂಡದ ಓವೆನ್ ವಿಲ್ಸನ್ನನದು: 1912ರಲ್ಲಿ 36. ವಿಚಿತ್ರವೆಂದರೆ, ಬೇರಾವ ವರ್ಷದಲ್ಲಿಯೂ ಆತನು 14ನ್ನು ದಾಟಲಿಲ್ಲ. ಆಗಿನ ಅಂಗಣಗಳು ವಿಶಾಲ. ಚೆಂಡೂ ಇಂದಿನಷ್ಟು ಪುಟಿಯುತ್ತಿರಲಿಲ್ಲ. ಬೇಲಿಗಳು ಸಮೀಪಕ್ಕೆ ಬಂದಂತೆ ಹೋಂ ರನ್ ಹೆಚ್ಚಿ ಟ್ರಿಪಲ್ ವಿರಳವಾಯಿತು. 2007ರಲ್ಲಿ ಡೆಟ್ರಾಯಿಟಿನ ಕರ್ಟಿಸ್ ಗ್ರಾಂಡರ್ಸನ್ 23 ಗಳಿಸಿ ಮೊದಲಿಗನಾದುದನ್ನು ಅಳಿಯಂದಿರು ಬಹು ಅಭಿಮಾನದಿಂದ ಹೇಳಿದರು.

ಅಂದು ಒಬ್ಬ ತರುಣನು ಎರಡನೆಯ ನೆಲೆಯಲ್ಲಿ ನಿಲ್ಲದೆ ಮೂರನೆಯದಕ್ಕೆ ಧಾವಿಸಿ, ಗೇಣುದ್ದದ ಅಂತರದಲ್ಲಿ ಔಟಾದನು. “ಎರಡರಲ್ಲೇ ನಿಲ್ಲಬಾರದಾಗಿತ್ತೆ?” ಎಂದೆವು.

“ಎಲ್ಲರೂ ಹಾಗೇ ನಿಂತುಬಿಟ್ಟರೆ ಮೂರನೆಯದನ್ನು ಮುಟ್ಟುವವರು ಯಾರು, ತಾತಾ?” ಎಂದನು ಹುಡುಗ.

ಆ ಮಾತು ನಮ್ಮನ್ನು 1996ನೆಯ ಇಸವಿಗೆ ಎಳೆದೊಯ್ದಿತು. ಹತ್ತನೆಯ ತರಗತಿಯಲ್ಲಿ ತೇರ್ಗಡೆಯಾದ ಬಡ ಹುಡುಗನೊಬ್ಬನು ಪಟ್ಟಣದ ಕಾಲೇಜಿಗೆ ಸೇರಲು ಹಂಬಲಿಸಿದಾಗ, ಅವನ ತಂದೆಗೆ “ಇಷ್ಟು ಓದಿದ್ದು ಸಾಕು, ಅಂಗಡಿಗೆ ಸೇರಿಸಿ” ಎಂದು ಹೇಳಿದವರು ನಾವೇ. ಸೋತುಬಂದಾನೆಂಬ ಭಯವನ್ನು ವಿವೇಕವೆಂದು ಭ್ರಮಿಸಿದ್ದೆವು. ಇಂದಿಗೂ ಆತನು ಅದೇ ದಿನಸಿ ಅಂಗಡಿಯಲ್ಲಿ ತಕ್ಕಡಿ ಹಿಡಿದಿದ್ದಾನೆ. ನಮ್ಮನ್ನು ಕಂಡಾಗಲೆಲ್ಲ ಎದ್ದುನಿಂತು ಕೈಮುಗಿಯುತ್ತಾನೆ. ಬೈದಿದ್ದರೆ ನಮಗೆ ಎಷ್ಟೋ ಹಗುರವಾಗುತ್ತಿತ್ತು.

ಟ್ರಿಪಲ್ ಹೊಡೆದವನಿಗೆ ಅಷ್ಟರಿಂದಲೇ ಓಟದ ಫಲ ದೊರೆಯದು. ಅವನು ಮೂರನೆಯ ನೆಲೆಯಲ್ಲಿ ಕಾದುನಿಲ್ಲಬೇಕು. ಪ್ರಾಯಶಃ ಬೇರೊಬ್ಬನ ಹೊಡೆತವೇ ಅವನನ್ನು ಮನೆ ಮುಟ್ಟಿಸಬೇಕು. ಕ್ರಾಫರ್ಡನಿಗೂ ಅದು ತಪ್ಪಿರಲಾರದು.

ಊರಿಗೆ ಮರಳಿದೊಡನೆ, ಕ್ಷಮೆ ಕೇಳಬೇಕೆಂದು ಆ ಅಂಗಡಿಗೆ ಹೋದೆವು, ಮಾತೇ ಹೊರಡಲಿಲ್ಲ. ಅವನೇ ಎದ್ದುನಿಂತು, “ಮಗಳು ಹತ್ತನೆಯದು ಮುಗಿಸಿದಳು, ಮೇಷ್ಟ್ರೇ. ಇನ್ನೂ ಓದುತ್ತೇನೆನ್ನುತ್ತಾಳೆ. ಏನು ಮಾಡಲಿ?” ಎಂದನು.

“ಓಡಲಿ ಬಿಡಪ್ಪಾ” ಎಂದುಬಿಟ್ಟೆವು. ಅವನಿಗೆ ಅರ್ಥವಾಗಲಿಲ್ಲ. “ಓದಲಿ, ನಾವಿದ್ದೇವೆ” ಎಂದು ತಿದ್ದಿಕೊಂಡೆವು.

ಈಗ ಪ್ರತಿದಿನ ಸಾಯಂಕಾಲ ಆ ಹುಡುಗಿಯು ಪುಸ್ತಕ ಹಿಡಿದು ನಮ್ಮ ಜಗಲಿಗೆ ಬರುತ್ತಾಳೆ.