ಎತ್ತರ ಬೇರೆ, ಏರು ಬೇರೆ

ಕರ್ನಾಟಕದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ, ಸುಮಾರು 1930 ಮೀಟರ್. ಕುಮಾರ ಪರ್ವತ ಅದಕ್ಕಿಂತ ಗಿಡ್ಡ, 1712 ಮೀಟರ್. ಹಾಗೆಂದು ರಜೆಯಲ್ಲಿ ಮಕ್ಕಳ ತಂಡವನ್ನು ಮೊದಲು ಕುಮಾರ ಪರ್ವತಕ್ಕೆ ಕರೆದೊಯ್ಯೋಣ ಎಂದುಕೊಂಡರೆ ಲೆಕ್ಕ ತಲೆಕೆಳಗಾಗುತ್ತದೆ. ಮುಳ್ಳಯ್ಯನಗಿರಿಯ ನೆತ್ತಿಯ ಸಮೀಪದವರೆಗೂ ರಸ್ತೆಯಿದೆ. ಅಲ್ಲಿಂದ ಕೆಲವು ನೂರು ಮೆಟ್ಟಿಲು ಹತ್ತಿದರೆ ಗುಡಿ. ಅಜ್ಜಿಯರೂ ನಿಧಾನವಾಗಿ ಹತ್ತಿ ಕೈಮುಗಿದು ಬರುತ್ತಾರೆ. ಕುಕ್ಕೆ ಸುಬ್ರಹ್ಮಣ್ಯ ಇರುವುದಾದರೋ ಸಮುದ್ರಮಟ್ಟದಿಂದ ನೂರು ಚಿಲ್ಲರೆ ಮೀಟರ್ ಎತ್ತರದಲ್ಲಿ. ಅಲ್ಲಿಂದ ಕುಮಾರ ಪರ್ವತಕ್ಕೆ ಹತ್ತಬೇಕಾದದ್ದು ಹತ್ತಿರಹತ್ತಿರ 1600 ಮೀಟರ್. ಮೈಸೂರಿನ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲುಗಳನ್ನು ಒಂದೇ ದಿನ ಐದು ಸಲ ಹತ್ತಿದಷ್ಟು!

ಹೈಸ್ಕೂಲಿನ ಭೌತಶಾಸ್ತ್ರ ಇಲ್ಲಿ ಉಪಯೋಗಕ್ಕೆ ಬರುತ್ತದೆ. 40 ಕಿಲೋ ತೂಕದ ಹುಡುಗ 5 ಕಿಲೋ ಚೀಲ ಹೊತ್ತು 1600 ಮೀಟರ್ ಏರಿದರೆ ಗುರುತ್ವದ ವಿರುದ್ಧ ಮಾಡುವ ಕೆಲಸ ಸುಮಾರು 7 ಲಕ್ಷ ಜೂಲ್, ಅಂದರೆ 170 ಕಿಲೋಕ್ಯಾಲರಿ. ಇಷ್ಟೇನಾ ಅನ್ನಿಸಬಹುದು. ಆದರೆ ಸ್ನಾಯುಗಳ ದಕ್ಷತೆ ನೂರಕ್ಕೆ 20–25 ಮಾತ್ರ; ದೇಹ ಖರ್ಚು ಮಾಡುವುದು ಅದರ ನಾಲ್ಕೈದು ಪಟ್ಟು. ಉಳಿದದ್ದೆಲ್ಲ ಶಾಖ, ಶಾಖವೆಂದರೆ ಬೆವರು. ಗಿರಿಗದ್ದೆ ದಾಟಿದ ಮೇಲೆ ಹುಲ್ಲುಗಾವಲಿನಲ್ಲಿ ನೆರಳೂ ಇಲ್ಲ. ಬಿಸ್ಕತ್ತಿನ ಪೊಟ್ಟಣಕ್ಕಿಂತ ನೀರಿನ ಬಾಟಲಿ ಹೆಚ್ಚಿರಬೇಕು.

ಸಮಯದ ಅಂದಾಜಿಗೆ ಸ್ಕಾಟ್ಲೆಂಡಿನ ವಿಲಿಯಂ ನೇಸ್ಮಿತ್ 1892ರಲ್ಲೇ ಒಂದು ಸೂತ್ರ ಕೊಟ್ಟ: 5 ಕಿಲೋಮೀಟರ್ ದೂರಕ್ಕೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಕುಕ್ಕೆಯ ದಾರಿ ಸುಮಾರು 13 ಕಿಲೋಮೀಟರ್. ಹತ್ತುವುದಕ್ಕೇ ಐದು ಗಂಟೆ ಮೀರುತ್ತದೆ. ಅದೂ ಗಟ್ಟಿ ಕಾಲಿನವರಿಗೆ, ವಿಶ್ರಾಂತಿಯಿಲ್ಲದೆ. ಇಳಿಯುವಾಗ ಉಸಿರು ಉಳಿಯಬಹುದು, ಮಂಡಿ ಉಳಿಯುವುದಿಲ್ಲ. ಸೋಮವಾರಪೇಟೆ ಕಡೆಯ ಬೀದಳ್ಳಿಯಿಂದ ಹೊರಟರೆ ದೂರ ಸುಮಾರು ಅರ್ಧ, ಏರೂ ಕಡಿಮೆ. ಶಿಖರ ಅದೇ.

ತಂಡದ ವೇಗ ಎಂದರೆ ಮುಂದೆ ಓಡುವ ಇಬ್ಬರ ವೇಗವಲ್ಲ, ಕೊನೆಯವನದು. ಹಿಂದುಳಿದ ಹುಡುಗ ‘ನನಗಾಗದು’ ಎನ್ನಲು ನಾಚುತ್ತಾನೆ. ಗೆಳೆಯರು ಕಾದು, ಅವನು ಸೇರಿದ ಕೂಡಲೇ ಎದ್ದು ಹೊರಡುತ್ತಾರೆ. ವಿಶ್ರಾಂತಿ ಬೇಕಿದ್ದವನಿಗೇ ಅದು ಸಿಗುವುದಿಲ್ಲ. ಹತ್ತುವಾಗ ಮಾತಾಡಿಸಿ ನೋಡಬೇಕು. ಒಂದು ವಾಕ್ಯವನ್ನು ತುಂಡಿಲ್ಲದೆ ಹೇಳಲಾಗದಿದ್ದರೆ ನಡಿಗೆ ಅವನ ಶಕ್ತಿಗೆ ಮೀರಿದೆ.

2024ರ ಜನವರಿಯ ರಜೆಯಲ್ಲಿ ಇಲ್ಲಿ ಸಾವಿರಾರು ಜನ ಮುಗಿಬಿದ್ದ ಮೇಲೆ ಅರಣ್ಯ ಇಲಾಖೆ ಮುಂಗಡ ನೋಂದಣಿಗೆ ಬಿಗಿ ತಂದಿತು. ಹೆಸರು ಕೊಡುವ ಮೊದಲು ಪಾಲಕರು ಸಂಘಟಕರನ್ನು ಕೇಳಬೇಕಾದದ್ದು ಊಟ, ಬಸ್ಸಿನ ವಿಚಾರವಷ್ಟೇ ಅಲ್ಲ. ಒಂದು ಮಗು ಗಿರಿಗದ್ದೆಯಲ್ಲೇ ಸುಸ್ತಾದರೆ ಅದರ ಜೊತೆ ತಿರುಗಿ ಇಳಿಯುವ ಹಿರಿಯರು ಯಾರು? ಆ ಹೆಸರು ಬೆಟ್ಟದ ಬುಡದಲ್ಲೇ ಗೊತ್ತಾಗಿರಬೇಕು.