ಬಂಡುಕೋರ ಮುತ್ತಾತ ಬೇಕಾಗಿದ್ದಾನೆ

ಎಡಿನ್‌ಬರೋದಲ್ಲಿ ನಮ್ಮ ಮೇಲಿನ ಮನೆಯಲ್ಲಿದ್ದ ಮುದುಕರಿಗೆ ಒಂದೇ ಗೀಳು, ಮುತ್ತಾತನನ್ನು ಹುಡುಕುವುದು. ಸಿಕ್ಕಸಿಕ್ಕ ಮುತ್ತಾತ ಆದೀತೇ? ಅರಸನ ಮಾತು ಮೀರಿದವನು, ಸೆರೆ ಸಿಕ್ಕವನು, ಸಾಧ್ಯವಾದರೆ ನೇಣಿಗೇರಿದವನೇ ಬೇಕು. ಸ್ಕಾಟ್‌ಲೆಂಡಿನ ನೈಋತ್ಯ ಸೀಮೆಯ ಮನೆತನಗಳಲ್ಲಿ ಒಬ್ಬ ಕವೆನಂಟರ್ ಹಿರಿಯನಿದ್ದಾನೆಂದರೆ ಅದರ ಗತ್ತೇ ಬೇರೆ.

1637ರಲ್ಲಿ ಮೊದಲನೇ ಚಾರ್ಲ್ಸ್ ದೊರೆ ಹೊಸ ಪ್ರಾರ್ಥನಾ ಪುಸ್ತಕವೊಂದನ್ನು ಸ್ಕಾಟರ ಮೇಲೆ ಹೇರಹೊರಟ. ಮರುವರ್ಷ ಎಡಿನ್‌ಬರೋದ ಗ್ರೇಫ್ರಯರ್ಸ್ ಚರ್ಚಿನಲ್ಲಿ ಅದನ್ನು ವಿರೋಧಿಸುವ ಪ್ರತಿಜ್ಞಾಪತ್ರಕ್ಕೆ ಸಹಿ ಬಿತ್ತು. ಅದೇ ಕವೆನಂಟ್, ಅದಕ್ಕೆ ಕಟ್ಟುಬಿದ್ದವರೇ ಕವೆನಂಟರುಗಳು. ಅದರ ಪ್ರತಿಗಳು ಊರೂರು ಸುತ್ತಿದವು. ಅಕ್ಷರ ಬಾರದವರ ಪರವಾಗಿ ನೋಟರಿ ಬರೆದುಕೊಟ್ಟ. 1660ರಲ್ಲಿ ಎರಡನೇ ಚಾರ್ಲ್ಸ್ ಸಿಂಹಾಸನಕ್ಕೆ ಮರಳಿದ ಮೇಲೆ ಬಿಷಪ್ಪರೂ ಮರಳಿದರು. ಒಪ್ಪದ ಪಾದ್ರಿಗಳು ಹೊರಬಿದ್ದರು, ಅವರ ಹಿಂದೆ ಜನ ಗುಡ್ಡ ಹತ್ತಿ ಅಲ್ಲೇ ಪ್ರಾರ್ಥನೆ ನಡೆಸಿದರು, ಅವರ ಹಿಂದೆ ಕುದುರೆ ಸಿಪಾಯಿಗಳು ಹೋದರು.

ಹುಡುಕುವವರಿಗೆ ತಾಪತ್ರಯ ಶುರುವಾಗುವುದು ಇಲ್ಲೇ. ಗುಡ್ಡದ ಮೇಲೆ ದೀಕ್ಷಾಸ್ನಾನವಾದ ಮಗುವಿನ ಹೆಸರು ಊರ ಚರ್ಚಿನ ದಫ್ತರಕ್ಕೆ ಏರುವುದು ಅಪರೂಪ. ಹಿರಿಮಗನಿಗೆ ತಂದೆಯ ತಂದೆಯ ಹೆಸರಿಡುವ ವಾಡಿಕೆ ಬೇರೆ, ಒಂದೇ ಊರಿನಲ್ಲಿ ಹತ್ತು ಮಂದಿ ಜಾನ್‌ಗಳು. ಪುಣ್ಯಕ್ಕೆ ಮದುವೆಯಾದರೂ ಹೆಂಗಸರನ್ನು ತವರಿನ ಮನೆತನದ ಹೆಸರಿನಲ್ಲೇ ದಾಖಲಿಸುವ ರೂಢಿ ಅಲ್ಲಿತ್ತು. ಆದರೆ ನಿಜವಾದ ಉಪಕಾರಿ ಸರ್ಕಾರವೇ. 1684ರಲ್ಲಿ ಅದು ಅಚ್ಚು ಹಾಕಿಸಿದ ತಲೆಮರೆಸಿಕೊಂಡವರ ಪಟ್ಟಿಯಲ್ಲಿ ಹೆಸರಿನ ಜೊತೆಗೆ ಊರು, ಎಷ್ಟೋ ಕಡೆ ಕಸುಬು ಕೂಡ ಉಂಟು. ತೆಪ್ಪಗೆ ತೆರಿಗೆ ಕಟ್ಟಿಕೊಂಡು ಸತ್ತವನನ್ನು ಅಷ್ಟು ಮುತುವರ್ಜಿಯಿಂದ ಯಾರು ಬರೆದಿಟ್ಟಾರು?

ಮುದುಕರ ಕಣ್ಣಿದ್ದದ್ದು ಇನ್ನೊಂದು ಪಟ್ಟಿಯ ಮೇಲೆ. 1679ರ ಜೂನ್ 22ರಂದು ಬಾತ್‌ವೆಲ್ ಸೇತುವೆಯ ಬಳಿ ಕವೆನಂಟರುಗಳು ಸೋತರು. ಸುಮಾರು 1200 ಜನ ಸೆರೆಯಾಳುಗಳನ್ನು ತಂದು ಕೂಡಿಹಾಕಿದ್ದು, ನೋಡಿ, ಅದೇ ಗ್ರೇಫ್ರಯರ್ಸ್ ಮಗ್ಗುಲಿನ ಬಯಲಿನಲ್ಲಿ. ಇನ್ನು ಆಯುಧ ಹಿಡಿಯುವುದಿಲ್ಲ ಎಂದು ಮುಚ್ಚಳಿಕೆ ಬರೆದುಕೊಟ್ಟವರನ್ನು ಮನೆಗೆ ಬಿಟ್ಟರು. ಜಗ್ಗದೆ ಉಳಿದ ಸುಮಾರು 250 ಜನರನ್ನು ಅಮೆರಿಕದ ತೋಟಗಳಲ್ಲಿ ದುಡಿಸಲೆಂದು ‘ಕ್ರೌನ್’ ಹಡಗಿಗೆ ತುಂಬಿದರು. ಡಿಸೆಂಬರಿನ ಬಿರುಗಾಳಿಯಲ್ಲಿ ಆರ್ಕ್ನಿ ದ್ವೀಪಗಳ ಡೀರ್ನೆಸ್ ಬಂಡೆಗಳಿಗೆ ಹಡಗು ಬಡಿಯಿತು. ಸೆರೆಯಾಳುಗಳಿದ್ದ ಕೆಳ ಅಂತಸ್ತಿಗೆ ಇಳಿಯುವ ಬಾಗಿಲುಗಳಿಗೆ ಬೀಗ. ಬದುಕಿ ದಡ ಸೇರಿದವರು ಐವತ್ತರ ಆಸುಪಾಸು.

ಆ ಹಡಗಿನ ಸೆರೆಯಾಳುಗಳ ಪಟ್ಟಿಯಲ್ಲಿ ತಮ್ಮ ಮನೆತನದ ಜಾನ್ ಒಬ್ಬ ಸಿಕ್ಕಾಗ ಮುದುಕರು ನನ್ನನ್ನು ಚಹಾಕ್ಕೆ ಕರೆದರು. ನನ್ನದು ಅಧಿಕಪ್ರಸಂಗ, ಕೇಳಿಯೇಬಿಟ್ಟೆ: ಈತ ಮುಳುಗಿದ್ದರೆ, ಸಂತಾನ ಬೆಳೆದದ್ದು ಮುಚ್ಚಳಿಕೆ ಬರೆದುಕೊಟ್ಟು ಮನೆಗೆ ಬಂದ ಇನ್ನೊಬ್ಬ ಜಾನ್‌ನಿಂದ ಯಾಕಿರಬಾರದು? ಹುತಾತ್ಮರಿಗಿಂತ ಮನೆ ಸೇರಿದವರಿಗೇ ಮೊಮ್ಮಕ್ಕಳು ಹೆಚ್ಚಲ್ಲವೇ? ಅವರು ಬಿಸ್ಕತ್ತಿನ ತಟ್ಟೆಯನ್ನು ತಮ್ಮ ಕಡೆಗೆ ಎಳೆದುಕೊಂಡರು.

ನಕ್ಕವರು ಅವರ ಹೆಂಡತಿ, ಹೈಲ್ಯಾಂಡ್ಸ್ ಕಡೆಯವರು. 1678ರಲ್ಲಿ ಕವೆನಂಟರುಗಳನ್ನು ಬಗ್ಗಿಸಲೆಂದು ಸರ್ಕಾರ ಆ ಸೀಮೆಯ ದಂಡನ್ನು ನೈಋತ್ಯದ ಏರ್‌ಷೈರಿನ ರೈತರ ಮನೆಗಳಿಗೇ ನುಗ್ಗಿಸಿತ್ತು. ಆ ದಂಡು ಉಂಡು ತೇಗಿ, ಕೈಗೆ ಸಿಕ್ಕಿದ್ದನ್ನು ಹೊತ್ತು ಊರಿಗೆ ಮರಳಿತು.

“ನಮ್ಮ ಹಿರೀಕರನ್ನ ನಾನು ಹುಡುಕೋಕೆ ಹೋಗೋದಿಲ್ಲಪ್ಪ” ಅಂದರು ಆಕೆ. “ಇವರ ಅಜ್ಜಿಯ ಪಾತ್ರೆ ಪಡಗ ವಾಪಸ್ ಕೊಡಬೇಕಾದೀತು.”