ಬಂಡಿಗೆ ಹಳಿ ಕಟ್ಟಿದ ದಿನ

ದ್ವಿತೀಯ ಪಿ.ಯು.ಸಿ. ಫಲಿತಾಂಶ ಬಂದಾಗಿನಿಂದ ನಮ್ಮ ಮನೆಯಲ್ಲಿ ಮಾತು ಕಡಿಮೆಯಾಗಿತ್ತು. ಮಗ ಭೌತಶಾಸ್ತ್ರದಲ್ಲಿ ನಪಾಸಾಗಿದ್ದ. ನಾನು ಒಂದು ದಿನ ಬೈದೆ, ಮತ್ತೊಂದು ದಿನ ಸಮಾಧಾನ ಹೇಳಿದೆ. ಎರಡಕ್ಕೂ ಅವನು ಮೌನವಾಗಿಯೇ ಇದ್ದ. ಕೊಪ್ಪಳದ ಬಾಡಿಗೆ ಮನೆಯಲ್ಲಿ ಒಬ್ಬರ ಮುಖ ಒಬ್ಬರು ತಪ್ಪಿಸಿಕೊಂಡು ಓಡಾಡುವುದಕ್ಕಿಂತ ಊರಿಗಾದರೂ ಹೋಗೋಣವೆಂದು ಯಲಬುರ್ಗಾ ಸೀಮೆಯ ನಮ್ಮ ಹಳ್ಳಿಗೆ ಅವನನ್ನು ಕರೆದೊಯ್ದೆ. ಅಲ್ಲಿ ನನ್ನ ಅಪ್ಪ ಇದ್ದಾನೆ. ವಯಸ್ಸು ಎಂಬತ್ತು ದಾಟಿದೆ.

ಒಂದು ಸಂಜೆ ಮಗ ಪಡಸಾಲೆಯಲ್ಲಿ ಕುಳಿತು ಮೊಬೈಲು ನೋಡುತ್ತಿದ್ದ. ಯಾವುದೋ ದೇಶದ ಒಬ್ಬಾತ ಹಳೆಯ ಮೋಟಾರು ಮನೆಯೊಂದನ್ನು ದುರಸ್ತಿ ಮಾಡುತ್ತಿದ್ದ. ಹೊರಗಿನಿಂದ ನೋಡಿದರೆ ಬಸ್ಸು, ಒಳಗೆ ಹಾಸಿಗೆ, ಒಲೆ, ನೀರಿನ ತೊಟ್ಟಿ. ಅಪ್ಪ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದ.

"ಇದರಾಗ ಏನ್ ಹೊಸಾದೈತಿ? ಇಂಥಾದ್ದು ನಮ್ಮ ಹಿತ್ತಲದಾಗೂ ಒಂದೈತಿ," ಎಂದ.

ಅಪ್ಪ ಹೇಳಿದ್ದು ನಮ್ಮ ಸವಾರಿ ಬಂಡಿಯ ಮಾತು. ನಾನು ಹುಡುಗನಾಗಿದ್ದಾಗ, ಅಂದರೆ ಕೊಪ್ಪಳ ಇನ್ನೂ ರಾಯಚೂರು ಜಿಲ್ಲೆಯಲ್ಲೇ ಇದ್ದ ಕಾಲದಲ್ಲಿ, ಬೇಸಿಗೆಯ ಸೂಟಿಯಲ್ಲಿ ಹುಲಿಗೆಮ್ಮನ ಜಾತ್ರೆಗೆ ನಾವು ಆ ಬಂಡಿಯಲ್ಲೇ ಹೋಗುತ್ತಿದ್ದೆವು. ಮೇಲೆ ಬಿದಿರಿನ ಕಮಾನು, ಕೆಳಗೆ ದಪ್ಪಗೆ ಹಾಸಿದ ಕಣಕಿ, ಅದರ ಮೇಲೆ ಅವ್ವ ಹೊಲಿದ ಕೌದಿ. ಒಂದು ಮೂಲೆಯಲ್ಲಿ ರೊಟ್ಟಿಯ ಗಂಟು, ಶೇಂಗಾ ಚಟ್ನಿಯ ಡಬ್ಬಿ. ಬಂಡಿಯ ಕೆಳಗೆ ತೂಗುವ ಕಂದೀಲು. ದಾರಿಯಲ್ಲಿ ಒಂದು ರಾತ್ರಿ, ತುಂಗಭದ್ರೆಯ ದಂಡೆಯಲ್ಲಿ ಎರಡು ರಾತ್ರಿ ಆ ಬಂಡಿಯೇ ನಮ್ಮ ಮನೆ. ಹೆಂಗಸರು, ಮಕ್ಕಳು ಮೇಲೆ ಮಲಗಿದರೆ ಗಂಡಸರು ಗಾಲಿಗಳ ನಡುವೆ. ಮೂರು ಕಲ್ಲು ಹೂಡಿದರೆ ಅಡುಗೆಮನೆ ಸಿದ್ಧ. ಎತ್ತುಗಳು ರಾತ್ರಿಯಿಡೀ ಮೆಲುಕು ಹಾಕುವ ಸದ್ದು ಕಿವಿಯಲ್ಲಿ ಈಗಲೂ ಇದೆ.

ಆಮೇಲೆ ಕಾಲ ಬದಲಾಯಿತು. ಗಂಗಾವತಿ ಕಡೆ ಕಾಲುವೆ ನೀರು ಹರಿದು ಭತ್ತ ಬೆಳೆದವರು ಬೇಗನೆ ಟ್ರ್ಯಾಕ್ಟರಿಗೆ ಹೊರಳಿದರು. ಮಳೆಯನ್ನೇ ನಂಬಿದ ಯಲಬುರ್ಗಾ, ಕುಷ್ಟಗಿಯ ಒಣಹೊಲಗಳಲ್ಲಿ ಎತ್ತುಗಳು ಇನ್ನಷ್ಟು ವರ್ಷ ಉಳಿದವು. 2003ರ ಬರಗಾಲದಲ್ಲಿ ಮೇವು ಸಿಗದೆ ನಮ್ಮ ಜೋಡಿಯನ್ನೂ ಮಾರಿದೆವು. ಮಾರೋಣವೆಂದು ಹಟ ಹಿಡಿದವನು ಆಗ ತಾನೇ ನೌಕರಿ ಹಿಡಿದಿದ್ದ ನಾನು. ಅಪ್ಪ ಏನೂ ಅನ್ನಲಿಲ್ಲ. ಮರುದಿನ ನಸುಕಿನಲ್ಲಿ ಎದ್ದು ಖಾಲಿ ಕೊಟ್ಟಿಗೆಯ ಕಸ ಹೊಡೆದ. ಬಂಡಿಯನ್ನು ಹಿತ್ತಲಿನ ಬೇವಿನ ಮರದಡಿಗೆ ದಬ್ಬಿ ನಿಲ್ಲಿಸಿದ. ಅದು ಅಲ್ಲೇ ನಿಂತಿತ್ತು.

ನಾವು ಊರಿನಲ್ಲಿದ್ದಾಗಲೇ ಒಬ್ಬ ದಲ್ಲಾಳಿ ಬಂದ. ಹಳೆಯ ಬಂಡಿಯ ಗಾಲಿಗಳನ್ನು ರೆಸಾರ್ಟಿನವರು ಕೊಳ್ಳುತ್ತಾರಂತೆ. ಬಣ್ಣ ಬಳಿದು ಗೇಟಿನ ಗೋಡೆಗೆ ಒರಗಿಸುತ್ತಾರಂತೆ. ಗಾಲಿ ಎರಡೇ ಸಾಕು, ಉಳಿದದ್ದನ್ನು ನೀವು ಒಲೆಗೆ ಹಾಕಿಕೊಳ್ಳಿ ಎಂದ. ರೇಟು ಕೇಳಿ ನಾನು ಒಪ್ಪಿಯೇಬಿಡುತ್ತಿದ್ದೆ. ಅಷ್ಟರಲ್ಲಿ, ಹದಿನೈದು ದಿನದಿಂದ ತಾನಾಗಿ ಮಾತಾಡದಿದ್ದ ಮಗ ಬಾಯಿ ತೆರೆದ.

"ಮಾರಬ್ಯಾಡ ಅಜ್ಜಾ. ರಿಪೇರಿ ಮಾಡೂಣು."

ನನಗೆ ಸಿಟ್ಟು ಬಂತು. "ಮೊದಲ ಪರೀಕ್ಷಾ ಪಾಸಾಗು, ಆಮ್ಯಾಲೆ ಬಂಡಿ," ಎಂದೆ.

ಅಪ್ಪ ನನ್ನ ಮುಖವನ್ನೇ ನೋಡಿದ. "ನಿನಗೂ ನಾ ಹಿಂಗ ಅಂತಿದ್ದೆ. ಬಡಿಗೇರ ಮನಿ ಕಡೆ ಹೋಗಬ್ಯಾಡ, ಬಾಚಿ ಮುಟ್ಟಬ್ಯಾಡ, ಸಾಲಿ ಕಲಿ ಅಂತ. ನೀ ಸಾಲಿ ಕಲ್ತಿ, ಚೊಲೋ ಆತು. ಆದ್ರ ಈಗ ಮನ್ಯಾಗ ಒಂದ ಮೊಳೆ ಸಡ್ಲಾದ್ರೂ ಮಂದೀನ ಕರೀತಿ. ಅದು ನಂದ ತಪ್ಪು. ಇವನ್ನ ಬಿಡು," ಎಂದ.

ನನಗೆ ಉತ್ತರ ಹೊಳೆಯಲಿಲ್ಲ. ನಮ್ಮ ಹಳ್ಳಿಗಳಲ್ಲಿ ಅಕ್ಷರ ಕಲಿಸಲೆಂದು ಮಕ್ಕಳನ್ನು ಕೈಕೆಲಸದಿಂದ ದೂರ ಇಟ್ಟ ತಂದೆಯರು ಅಪ್ಪನೊಬ್ಬನೇ ಅಲ್ಲ. ಅವರ ಭಯ ಅವರಿಗೆ. ಆ ಭಯವನ್ನು ನಾನೂ ಹಾಗೆಯೇ ಮಗನ ತಲೆಗೆ ಕಟ್ಟಿದ್ದೆ.

ಮೊದಲ ಕೆಲಸ ಬಡಿಗನನ್ನು ಹುಡುಕುವುದು. ಹಿಂದೆಲ್ಲ ಊರಿಗೊಬ್ಬ ಆಯಗಾರ ಬಡಿಗ ಇರುತ್ತಿದ್ದ. ವರ್ಷವಿಡೀ ಬಂಡಿ, ಕುಂಟೆ, ಕೂರಿಗೆ ನೋಡಿಕೊಂಡು ಸುಗ್ಗಿಯಲ್ಲಿ ಕಣಕ್ಕೆ ಬಂದು ಜೋಳ ಅಳೆಸಿಕೊಳ್ಳುತ್ತಿದ್ದ. ಯಲಬುರ್ಗಾದಲ್ಲಿ, ಕುಷ್ಟಗಿಯಲ್ಲಿ ವಿಚಾರಿಸಿದರೆ ಎಲ್ಲರೂ ಬಾಗಿಲು, ಕಿಟಕಿ, ಪ್ಲೈವುಡ್ಡಿನ ಕಪಾಟು ಮಾಡುವವರೇ. ಕೊನೆಗೆ ಕುಷ್ಟಗಿ ಆಚೆಯ ಹಳ್ಳಿಯೊಂದರಲ್ಲಿ ಅಪ್ಪನ ಓರಗೆಯ ಅಜ್ಜನೊಬ್ಬ ಸಿಕ್ಕ. ಕೈ ನಡುಗುತ್ತದೆ, ಉಳಿ ಹಿಡಿಯಲಾರೆ ಎಂದ. "ನಾ ಹಿಡಿತೀನಿ, ನೀವು ತೋರಸ್ರಿ," ಎಂದ ಮಗ. ಅಜ್ಜ ಒಂದು ವಾರ ನಮ್ಮ ಮನೆಯಲ್ಲೇ ಉಳಿದ.

ಅಜ್ಜ ಬಂಡಿಯನ್ನು ಮೊದಲು ಬೆರಳಿನಿಂದ ಬಾರಿಸುತ್ತ ಸುತ್ತು ಹಾಕಿದ. ಸದ್ದು ಕೇಳಿಯೇ ಜೀವವಿದ್ದ ಕಟ್ಟಿಗೆ ಯಾವುದು, ಹುಳ ತಿಂದದ್ದು ಯಾವುದು ಎಂದು ಹೇಳಿದ. ಸಾಗವಾನಿಯ ಮೂಕಿ ಗಟ್ಟಿಯಾಗಿತ್ತು. ಎಡಗಾಲಿಯ ನಡುವಿನ ಗುಂಬ ಸೀಳಿತ್ತು, ಹೊರಸುತ್ತಿನ ಆರು ತುಂಡುಗಳಲ್ಲಿ ಎರಡು ಕೊಳೆತಿದ್ದವು. ಅವುಗಳಿಗೆ ಬಲಿತ ಕರಿಜಾಲಿಯೇ ಆಗಬೇಕು ಎಂದ. ಪಕ್ಕದ ಹಲಗೆಯ ಮೇಲೆ ಕಿನ್ನಾಳದ ಚಿತ್ರಗಾರರೊಬ್ಬರು ಬರೆದ ಹೂಬಳ್ಳಿ ಮಾಸಿಹೋಗಿತ್ತು. ಅದನ್ನು ಕೆರೆದು ಹೊಸ ಬಣ್ಣ ಹಚ್ಚೋಣವೆಂದು ನಾನೆಂದರೆ ಅಜ್ಜ ಕೈ ಅಡ್ಡ ಹಿಡಿದ. "ಕೆಟ್ಟದ್ದನ್ನ ತಗೀಬೇಕು, ಹಳೇದನ್ನ ತಗೀಬಾರ್ದು."

ಗಾಲಿ ಕಳಚಿ ಹೋಗದಂತೆ ಅಚ್ಚಿನ ತುದಿಗೆ ಹಾಕುವ ಕಡೆಗೀಲು ಒಂದು ಕಳೆದುಹೋಗಿತ್ತು. ಅಂಗಡಿಯ ಬೋಲ್ಟು ತಂದರೆ ಅಜ್ಜ ಬೇಡವೆಂದು ಹೊಸದನ್ನೇ ಬಡಿಸಿದ. ಯಾದಗಿರಿ ಜಿಲ್ಲೆಯ ಮುದನೂರಿನ ಜೇಡರ ದಾಸಿಮಯ್ಯ ವಚನವೊಂದರಲ್ಲಿ ದೇಹವನ್ನು ಬಂಡಿಗೂ ಶರಣರ ನುಡಿಯನ್ನು ಕಡೆಗೀಲಿಗೂ ಹೋಲಿಸಿದ್ದಾರೆ. ಶಾಲೆಯಲ್ಲಿ ಅದನ್ನು ಬಾಯಿಪಾಠ ಮಾಡಿದ್ದೆ. ಕಡೆಗೀಲನ್ನು ಕೈಯಲ್ಲಿ ಹಿಡಿದದ್ದು ಮಾತ್ರ ಅಂದೇ.

ಇನ್ನು ಹಳಿ. ಮರದ ಗಾಲಿಯ ಸುತ್ತ ಕಬ್ಬಿಣದ ಹಳಿಯನ್ನು ಮೊಳೆ ಹೊಡೆದು ಕೂರಿಸುವುದಿಲ್ಲ. ಗಾಲಿಗಿಂತ ತುಸು ಚಿಕ್ಕದಾಗಿ ಮಾಡಿ, ಕೆಂಪಗೆ ಕಾಯಿಸಿ, ಹಿಗ್ಗಿದಾಗ ತೊಡಿಸಿ ನೀರು ಸುರಿಯುತ್ತಾರೆ. ತಣಿದು ಕುಗ್ಗಿದ ಹಳಿ ಅರಗಳನ್ನೆಲ್ಲ ಗುಂಬದೊಳಕ್ಕೆ ಒತ್ತಿ ಹಿಡಿಯುತ್ತದೆ. ಬೇಸಿಗೆಯಲ್ಲೇ ಇದನ್ನು ಮಾಡಬೇಕು, ಕಟ್ಟಿಗೆ ಪೂರ್ತಿ ಒಣಗಿರುತ್ತದೆ. ಅಜ್ಜ ಗಾಲಿಯ ಸುತ್ತ ದಾರ ಹಿಡಿದು ಅಳೆದು, "ಒಂದ ಬೆರಳ ಕಮ್ಮಿ ಇರ್ಲಿ" ಎಂದ. ಹಳೆಯ ಹಳಿಯನ್ನೇ ಕತ್ತರಿಸಿ, ಕಂಬಾರರ ಹುಡುಗ ತನ್ನ ವೆಲ್ಡಿಂಗ್ ಅಂಗಡಿಯಲ್ಲಿ ಬೆಸೆದು ತಂದ.

ಮಗ ಮೂಲೆಯಲ್ಲಿ ಕುಳಿತು ಹಾಳೆಯ ಮೇಲೆ ಏನೋ ಲೆಕ್ಕ ಹಾಕುತ್ತಿದ್ದ. ಗಾಲಿಯ ಅಡ್ಡಳತೆ 150 ಸೆಂಟಿಮೀಟರ್, ಸುತ್ತಳತೆ ಸುಮಾರು 471. ಉಷ್ಣಾಂಶ ಒಂದು ಡಿಗ್ರಿ ಏರಿದರೆ ಕಬ್ಬಿಣ ತನ್ನ ಉದ್ದದ ಹತ್ತು ಲಕ್ಷದಲ್ಲಿ 12 ಭಾಗದಷ್ಟು ಹಿಗ್ಗುತ್ತದೆ. 500 ಡಿಗ್ರಿ ಏರಿಸಿದರೆ 28 ಮಿಲಿಮೀಟರ್. ಅಜ್ಜನ ಬೆರಳನ್ನು ಸ್ಕೇಲಿಗೆ ಇಟ್ಟು ನೋಡಿದ: 19. "ಉಳಿದ 9 ಮಿಲಿಮೀಟರ್ ತೊಡಸಾಕ ಜಾಗ. ಅಪ್ಪಾ, ಇದು ಫಸ್ಟ್ ಇಯರ್ ಪುಸ್ತಕದಾಗ ಇತ್ತು!" ಎಂದು ಕೂಗಿದ.

"ಪುಸ್ತಕದಾಗೂ ಬಂದೈತೇನು? ಹಂಗಾರ ಪುಸ್ತಕ ಸರಿ ಐತಿ ಬಿಡು," ಎಂದ ಅಜ್ಜ.

ಮರುದಿನ ನಸುಕಿನಲ್ಲಿ ಹಳಿಯ ಸುತ್ತ ಕುಳ್ಳು ಒಟ್ಟಿ ಬೆಂಕಿ ಹಾಕಿದೆವು. ಅವಸರ ಮಾಡಿದವನು ನಾನೇ. ಸಾಕು, ಕೆಂಪಾಯಿತು ಎಂದೆ. ನಾಲ್ಕು ಜನ ಇಕ್ಕಳದಿಂದ ಎತ್ತಿ ತೊಡಿಸಿದರೆ ಹಳಿ ಅರ್ಧಕ್ಕೇ ಸಿಕ್ಕಿಕೊಂಡಿತು. ಕಟ್ಟಿಗೆ ಹೊಗೆಯಾಡಿ ಹೊತ್ತಿಕೊಳ್ಳತೊಡಗಿತು. ಬಡಿದು ಕಿತ್ತು ಪಕ್ಕಕ್ಕೆ ಹಾಕಬೇಕಾಯಿತು. ಒಂದು ವಾರದ ಕೆಲಸ ಸುಟ್ಟೇಹೋಯಿತೆಂದು ನನ್ನ ಕೈಕಾಲು ತಣ್ಣಗಾದವು. ಅಜ್ಜ ಬೈಯಲಿಲ್ಲ. ಸುಟ್ಟ ಅಂಚನ್ನು ಬಾಚಿಯಿಂದ ಹದವಾಗಿ ಕೆತ್ತಿಸಿ, "ಇನ್ನೊಮ್ಮೆ ಕಾಸ್ರಿ, ಏನಾತೀಗ?" ಎಂದ. ನಪಾಸಾದ ಮಗನಿಗೆ ಆ ಮಾತನ್ನು ನಾನೇಕೆ ಇಷ್ಟು ಸರಳವಾಗಿ ಹೇಳಲಿಲ್ಲವೋ ಎಂದು ಅಲ್ಲೇ ನಾಚಿಕೆಯಾಯಿತು.

ಎರಡನೇ ಸಲ ಹಳಿ ಸರಾಗವಾಗಿ ಇಳಿಯಿತು. ನೀರು ಸುರಿಯುವ ಕೆಲಸ ನನ್ನದು. ಕೊಡಗಟ್ಟಲೆ ಸುರಿದೆ. ಭುಸ್ಸೆಂದು ಆವಿ ಎದ್ದಿತು. ಆವಿಯೊಳಗಿಂದ ಕಟ್ಟಿಗೆಯ ಸಂದುಗಳು ಕಟಕಟ ಎಂದು ಕೂಡಿಕೊಳ್ಳುವ ಸದ್ದು ಕೇಳಿಸಿತು. ಸುತ್ತ ನಿಂತವರೆಲ್ಲ ಒಮ್ಮೆಲೇ ಉಸಿರು ಬಿಟ್ಟೆವು.

ಬಂಡಿಯ ದೆಸೆಯಿಂದ ಮಗ ಪಾಸಾದನೆಂದು ಬರೆದರೆ ಸುಳ್ಳಾದೀತು. ಮತ್ತೊಮ್ಮೆ ಪರೀಕ್ಷೆಗೆ ಕುಳಿತು ಸಾಧಾರಣ ಅಂಕ ತೆಗೆದು ಪಾಸಾದ. ಹಿಗ್ಗುವಿಕೆ ಮೊದಲ ವರ್ಷದ ಪಾಠ, ಅದರ ಪ್ರಶ್ನೆ ಬರುವಂತೆಯೂ ಇರಲಿಲ್ಲ. ಆದರೆ ನಪಾಸಾದ ಸಂಗತಿಯನ್ನು ಅವನು ಈಗ ತಲೆ ತಗ್ಗಿಸದೆ ಹೇಳುತ್ತಾನೆ. ಅಷ್ಟು ಸಾಕು.

ಜನವರಿಯಲ್ಲಿ ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆ. ಮಹಾದಾಸೋಹಕ್ಕೆ ಸುತ್ತಲಿನ ಹಳ್ಳಿಗಳಿಂದ ಜೋಳದ ರೊಟ್ಟಿ ಹೋಗುವುದು ನಿಮಗೆ ಗೊತ್ತೇ ಇದೆ. ನಮ್ಮ ಓಣಿಯ ರೊಟ್ಟಿ ಈ ಸಲ ನಮ್ಮ ಬಂಡಿಯಲ್ಲಿ ಹೊರಟಿತು. ಎತ್ತು ಪಕ್ಕದ ಮನೆಯವು. 24 ಕಿಲೋಮೀಟರ್ ದಾರಿ, ಬಸ್ಸಿಗೆ ಮುಕ್ಕಾಲು ತಾಸು, ನಮಗೆ ಏಳು ತಾಸು. ಟ್ರ್ಯಾಕ್ಟರುಗಳು ಹಾರ್ನ್ ಹೊಡೆಯುತ್ತ ಮುಂದೆ ಹೋದವು. ಅಪ್ಪ ಕಮಾನಿನ ಕೆಳಗೆ ರೊಟ್ಟಿಯ ಗಂಟುಗಳ ನಡುವೆ ಕಣ್ಣು ಮುಚ್ಚಿ ಕುಳಿತಿದ್ದ. ನಿದ್ದೆ ಬಂದಿರಬೇಕೆಂದುಕೊಂಡೆ.

ನಿದ್ದೆಯಲ್ಲ, ಗಾಲಿಯ ಸದ್ದು ಕೇಳುತ್ತಿದ್ದ.

"ಎಡಗಾಲಿ ಒಂಚೂರು ಅಲಗತೈತಿ," ಎಂದ ಕಣ್ಣು ತೆರೆಯದೆ. "ಬರೋ ಬ್ಯಾಸಿಗ್ಯಾಗ ನೋಡೂಣು. ಹುಡುಗನ್ನ ಕರಕೊಂಡು ಬಾ." ಸ್ವಲ್ಪ ಹೊತ್ತು ಬಿಟ್ಟು ಸೇರಿಸಿದ: "ನೀನೂ ಸೂಟಿ ಹಾಕಿ ಬಾ. ನಿನಗೂ ಉಳಿ ಹಿಡಿಯೋದು ತೋರಸ್ತೀನಿ."